‘ನೆಟ್ ಇಲ್ಲ’ ಎಂದಾಗ ಎಲ್ಲಿಂದ ಹುಡುಕಬೇಕು: ಮಂಡಿ, ಅಂಗಡಿ, ಶಾಲೆಗಳ ನೆಟ್‌ವರ್ಕ್ ದೋಷ ನಿವಾರಣೆ

ಟೊಮೆಟೊ ಸುಗ್ಗಿಯಲ್ಲಿ ಕೋಲಾರದ ಎಪಿಎಂಸಿ ಮಾರುಕಟ್ಟೆಯ ಮಂಡಿಗಳಿಂದ ನನಗೆ ಬರುವ ಕರೆಗಳು ಹೆಚ್ಚಾಗಿ ಎರಡೇ ಪದದವು: ‘ನೆಟ್ ಇಲ್ಲ.’ ಹರಾಜು ಮುಗಿದಿರುತ್ತದೆ, ರೈತರು ಬಿಲ್ಲಿಗೆ ಕಾಯುತ್ತಿರುತ್ತಾರೆ, ಲಾರಿಗೆ ಮಾಲು ತುಂಬಿರುತ್ತದೆ. ನಾನು ಹೋಗುವಷ್ಟರಲ್ಲಿ ಯಾರೋ ಅವಸರದಲ್ಲಿ ರೂಟರಿನ ಹಿಂದಿನ ವೈರುಗಳನ್ನೆಲ್ಲ ಕಿತ್ತು, ನೆನಪಿದ್ದಂತೆ ಮತ್ತೆ ಸಿಕ್ಕಿಸಿರುತ್ತಾರೆ. ಬೆಳಗ್ಗೆ ಒಂದಿದ್ದ ದೋಷ ಆ ಹೊತ್ತಿಗೆ ಮೂರಾಗಿರುತ್ತದೆ.

ನಾಲ್ಕಾರು ಕಂಪ್ಯೂಟರ್, ಒಂದು ಪ್ರಿಂಟರ್, ಕೆಲವು ಕ್ಯಾಮೆರಾ ಇರುವ ಮಂಡಿ, ಔಷಧದ ಅಂಗಡಿ, ಶಾಲೆ, ಹಾಲಿನ ಸೊಸೈಟಿಗಳಲ್ಲಿ ನೆಟ್‌ವರ್ಕ್ ಕೆಟ್ಟಾಗ ಅಲ್ಲಿರುವವರೇ ಏನೇನು ನೋಡಬಹುದು ಎಂಬುದನ್ನು ಇಲ್ಲಿ ಬರೆದಿದ್ದೇನೆ. ದುಡ್ಡು ಖರ್ಚಾಗದ ಪರೀಕ್ಷೆ ಮೊದಲು, ಉಪಕರಣ ಬೇಕಾದದ್ದು ಆಮೇಲೆ. ಎಲ್ಲಿ ಕೈ ಬಿಡಬೇಕು ಎಂಬುದನ್ನೂ ಹೇಳಿದ್ದೇನೆ. ಆ ಸಾಲುಗಳನ್ನು ದಯವಿಟ್ಟು ಹಾರಿಸಿ ಓದಬೇಡಿ.

ಮೊದಲ ಪ್ರಶ್ನೆ: ನೀರು ಯಾವ ಕೆರೆಯವರೆಗೆ ಬಂದಿದೆ?

ನೆಟ್‌ವರ್ಕಿನ ಜೋಡಣೆಯನ್ನು ನಮ್ಮ ಜಿಲ್ಲೆಯವರಿಗೆ ವಿವರಿಸುವುದು ಸುಲಭ, ಏಕೆಂದರೆ ನಾವು ಸರಪಳಿ ಕೆರೆಗಳ ಸೀಮೆಯವರು. ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ಕೆಳಗಿನ ಕೆರೆಗೆ ನೀರು. 2018ರಲ್ಲಿ ಬೆಂಗಳೂರಿನ ಸಂಸ್ಕರಿತ ನೀರು ತರುವ ಕೆ.ಸಿ. ವ್ಯಾಲಿ ಯೋಜನೆಯ ನೀರು ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂದು, ಅಲ್ಲಿಂದ ಒಂದೊಂದೇ ಕೆರೆಗೆ ಇಳಿದದ್ದನ್ನು ಇಲ್ಲಿನವರು ಬಲ್ಲರು. ನೆಟ್‌ವರ್ಕಿನ ದಾರಿಯೂ ಹಾಗೆಯೇ. ಹೊರಗಿನಿಂದ ಬರುವ ಫೈಬರ್ ಎಳೆ ಮೊದಲು ಒಎನ್‌ಟಿ ಎಂಬ ಪೆಟ್ಟಿಗೆಗೆ, ಅಲ್ಲಿಂದ ರೂಟರಿಗೆ, ರೂಟರಿನಿಂದ ಸ್ವಿಚ್ಚಿಗೆ, ಸ್ವಿಚ್ಚಿನಿಂದ ಒಂದೊಂದು ಯಂತ್ರಕ್ಕೆ ಒಂದೊಂದು ಕೇಬಲ್. ಎಷ್ಟೋ ಕಡೆ ಒಎನ್‌ಟಿ ಮತ್ತು ರೂಟರ್ ಒಂದೇ ಪೆಟ್ಟಿಗೆಯಲ್ಲಿ ಇರುತ್ತವೆ. ಸ್ವಿಚ್ ಎಂದರೆ ಇಲ್ಲಿ ಗೋಡೆಯ ದೀಪದ ಸ್ವಿಚ್ ಅಲ್ಲ; ಐದೋ ಎಂಟೋ ಹದಿನಾರೋ ಪೋರ್ಟುಗಳಿರುವ (ಕೇಬಲ್ ಸಿಕ್ಕಿಸುವ ತೂತುಗಳಿರುವ), ಒಂದೊಂದು ಪೋರ್ಟಿಗೂ ಪುಟ್ಟ ದೀಪವಿರುವ ಪೆಟ್ಟಿಗೆ.

ಕೆರೆಗೂ ಇದಕ್ಕೂ ಒಂದು ವ್ಯತ್ಯಾಸವಿದೆ. ಮೇಲಿನಿಂದ ಒಂದು ಹನಿಯೂ ಬಾರದಿದ್ದರೂ ಸ್ವಿಚ್ಚಿಗೆ ಸೇರಿದ ಯಂತ್ರಗಳು ತಮ್ಮತಮ್ಮೊಳಗೆ ಮಾತಾಡಿಕೊಳ್ಳಬಲ್ಲವು. ಬಿಲ್ಲಿಂಗ್ ಕಂಪ್ಯೂಟರ್ ಪ್ರಿಂಟರಿಗೆ ಕಾಗದ ಕಳುಹಿಸಲು ಇಂಟರ್ನೆಟ್ ಬೇಕಾಗಿಲ್ಲ. ಆದ್ದರಿಂದ ‘ಇಂಟರ್ನೆಟ್ ನಿಂತಿದೆ’ ಎನ್ನುವುದು ಒಂದು ದೂರು, ‘ಒಳಗಿನ ನೆಟ್‌ವರ್ಕ್ ನಿಂತಿದೆ’ ಎನ್ನುವುದು ಬೇರೆಯೇ ದೂರು. ಇವೆರಡನ್ನು ಕಲಸಿಕೊಂಡವರು ಕೆಡದ ವಸ್ತುವನ್ನು ಬದಲಾಯಿಸುತ್ತ ದಿನ ಕಳೆಯುತ್ತಾರೆ.

ಹಾಗಾಗಿ ಯಾವ ವೈರನ್ನೂ ಮುಟ್ಟುವ ಮೊದಲು ಕೇಳಬೇಕಾದದ್ದು: ಇನ್ನೂ ಯಾರಿಗೆ ಇಲ್ಲ? ಒಬ್ಬರಿಗೇ ಇಲ್ಲವೆಂದರೆ ದೋಷ ಅವರ ಯಂತ್ರ, ಅವರ ಕೇಬಲ್ ಅಥವಾ ಅವರ ಪೋರ್ಟಿನಲ್ಲಿದೆ. ಎಲ್ಲರಿಗೂ ಇಲ್ಲ, ಆದರೆ ಪ್ರಿಂಟರ್ ಓಡುತ್ತಿದೆ ಎಂದರೆ ದೋಷ ರೂಟರಿನಲ್ಲಿ ಅಥವಾ ಅದರಿಂದಾಚೆ. ಎಲ್ಲರಿಗೂ ಇಲ್ಲ, ಪ್ರಿಂಟರೂ ಇಲ್ಲ ಎಂದರೆ ಸ್ವಿಚ್ಚಿನ ಹತ್ತಿರ ಹೋಗಿ.

ಕೈ ಹಾಕುವ ಮುನ್ನ

ಮೊಬೈಲಿನಲ್ಲಿ ರೂಟರ್ ಮತ್ತು ಸ್ವಿಚ್ಚಿನ ಫೋಟೊ ತೆಗೆದುಕೊಳ್ಳಿ. ಯಾವ ಕೇಬಲ್ ಯಾವ ಪೋರ್ಟಿನಲ್ಲಿತ್ತು, ಯಾವ ದೀಪ ಯಾವ ಬಣ್ಣದಲ್ಲಿ ಉರಿಯುತ್ತಿತ್ತು ಎಂಬುದು ಅದರಲ್ಲಿರುತ್ತದೆ. ಎಲ್ಲವೂ ಸರಿಯಿರುವ ದಿನವೇ ಇಂಥ ಒಂದು ಫೋಟೊ ತೆಗೆದಿಟ್ಟುಕೊಂಡಿದ್ದರೆ ಇನ್ನೂ ಒಳ್ಳೆಯದು. ಕೆಟ್ಟ ದಿನದ ಫೋಟೊವನ್ನು ಅದರ ಪಕ್ಕದಲ್ಲಿಟ್ಟು ನೋಡಿದರೆ ಅರ್ಧ ಕೆಲಸ ಮುಗಿಯುತ್ತದೆ.

ಆಫ್ ಮಾಡಿ ಆನ್ ಮಾಡುವುದರಲ್ಲಿ ತಪ್ಪಿಲ್ಲ, ಆದರೆ ಕ್ರಮವಿರಲಿ. ಮೂರನ್ನೂ ಆರಿಸಿ, ಮೊದಲು ಒಎನ್‌ಟಿ ಹಾಕಿ, ಎರಡು ನಿಮಿಷ ಬಿಟ್ಟು ರೂಟರ್, ಅದರ ದೀಪಗಳು ನೆಲೆಗೊಂಡ ಮೇಲೆ ಸ್ವಿಚ್, ಕೊನೆಗೆ ಕಂಪ್ಯೂಟರ್. ರೂಟರಿನ ಹಿಂದೆ ಸೂಜಿ ಹೋಗುವಷ್ಟು ಸಣ್ಣ ತೂತಿನೊಳಗೆ ಒಂದು ಗುಂಡಿ ಇರುತ್ತದೆ. ಅದು ರೀಸೆಟ್. ಅದನ್ನು ಒತ್ತಬೇಡಿ. ಲೈನ್ ಕೊಟ್ಟವರ ಯೂಸರ್ ಹೆಸರು, ಪಾಸ್‌ವರ್ಡ್, ವೈಫೈ ಹೆಸರು ಎಲ್ಲವನ್ನೂ ಅದು ಅಳಿಸಿಹಾಕುತ್ತದೆ. ಹತ್ತು ನಿಮಿಷದಲ್ಲಿ ಮುಗಿಯುತ್ತಿದ್ದ ರಿಪೇರಿ, ಆ ಒಂದು ಗುಂಡಿಯಿಂದಾಗಿ ಮರುದಿನಕ್ಕೆ ಹೋದದ್ದನ್ನು ಹಲವು ಸಲ ಕಂಡಿದ್ದೇನೆ.

‘ಒಂದೇ ಕಂಪ್ಯೂಟರಿಗೆ ಇಲ್ಲ, ಉಳಿದವೆಲ್ಲ ಸರಿಯಾಗಿವೆ’

ಇದೇ ಅತಿ ಹೆಚ್ಚು ಬರುವ ದೂರು. ಹಿಂದಿನ ಕಾಲದಲ್ಲಿ ಎಲ್ಲ ಕಂಪ್ಯೂಟರುಗಳನ್ನೂ ಒಂದೇ ದಪ್ಪ ತಂತಿಗೆ ಸಾಲಾಗಿ ಪೋಣಿಸುತ್ತಿದ್ದರು. ಆ ತಂತಿ ಎಲ್ಲಿ ಕಡಿದರೂ ಇಡೀ ಕಚೇರಿ ನಿಲ್ಲುತ್ತಿತ್ತು. ಈಗಿನದು ನಕ್ಷತ್ರ ಜೋಡಣೆ: ನಡುವೆ ಸ್ವಿಚ್, ಸುತ್ತ ಯಂತ್ರಗಳು, ಪ್ರತಿಯೊಂದಕ್ಕೂ ಬೇರೆ ಕೇಬಲ್. ಒಂದು ಕಡಿದರೆ ಒಂದೇ ನಿಲ್ಲುತ್ತದೆ. ಆದ್ದರಿಂದ ಒಬ್ಬರಿಗೇ ಇಲ್ಲ ಎಂಬುದು ನಿಜಕ್ಕೂ ಒಳ್ಳೆಯ ಸುದ್ದಿ, ಹುಡುಕಬೇಕಾದ ಜಾಗ ಚಿಕ್ಕದು.

ಕಂಪ್ಯೂಟರಿನ ಹಿಂದೆ ಕೇಬಲ್ ಸೇರುವ ಕಡೆ ದೀಪ ಉರಿಯುತ್ತಿದೆಯೇ ನೋಡಿ. ಅದೇ ಕೇಬಲಿನ ಇನ್ನೊಂದು ತುದಿ ಇರುವ ಸ್ವಿಚ್ ಪೋರ್ಟಿನ ದೀಪವನ್ನೂ ನೋಡಿ. ಎರಡೂ ಕಡೆ ದೀಪವಿಲ್ಲದಿದ್ದರೆ ತಂತಿಯ ಮಟ್ಟದಲ್ಲೇ ಸಂಪರ್ಕವಿಲ್ಲ. ಸಾಫ್ಟ್‌ವೇರ್ ಕಡೆ ತಲೆ ಕೆಡಿಸಿಕೊಳ್ಳಬೇಡಿ. ಕೇಬಲನ್ನು ಎರಡೂ ತುದಿಗಳಲ್ಲಿ ಹೊರತೆಗೆದು ‘ಟಕ್’ ಎಂಬ ಸದ್ದು ಬರುವವರೆಗೆ ಒತ್ತಿ. ತುದಿಯ ಪ್ಲಾಸ್ಟಿಕ್ ನಾಲಿಗೆ ಮುರಿದಿದ್ದರೆ ಆ ಸದ್ದು ಬರುವುದೇ ಇಲ್ಲ. ಕಸ ಗುಡಿಸುವಾಗ ಪೊರಕೆ ತಗುಲಿದರೂ ಅಂಥ ಕೇಬಲ್ ಕೂದಲೆಳೆಯಷ್ಟು ಹಿಂದೆ ಸರಿದು ಸಂಪರ್ಕ ತಪ್ಪುತ್ತದೆ.

ಆಮೇಲೂ ದೀಪ ಬಾರದಿದ್ದರೆ, ಸರಿಯಾಗಿ ನಡೆಯುತ್ತಿರುವ ಪಕ್ಕದ ಕಂಪ್ಯೂಟರಿನ ಕೇಬಲನ್ನು ತಂದು ಇದಕ್ಕೆ ಹಾಕಿ. ದೀಪ ಬಂತೇ? ಹಾಗಾದರೆ ಕಂಪ್ಯೂಟರ್ ಚೆನ್ನಾಗಿದೆ, ದೋಷ ಹಳೆಯ ಕೇಬಲಿನಲ್ಲಿ ಅಥವಾ ಅದು ಸೇರಿದ್ದ ಪೋರ್ಟಿನಲ್ಲಿ. ಈಗ ಹಳೆಯ ಕೇಬಲನ್ನು ಸ್ವಿಚ್ಚಿನ ಬೇರೆ ಪೋರ್ಟಿಗೆ ಬದಲಾಯಿಸಿ ನೋಡಿ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಎರಡನ್ನು ಒಟ್ಟಿಗೆ ಬದಲಾಯಿಸಿದರೆ, ಸರಿಹೋದರೂ ಯಾವುದು ಕೆಟ್ಟಿತ್ತೆಂದು ತಿಳಿಯುವುದಿಲ್ಲ.

ಕೇಬಲೇ ದೋಷಿ ಎಂದಾದರೆ ಅದರ ಉದ್ದಕ್ಕೂ ಕಣ್ಣಾಡಿಸಿ. ಮಂಡಿಗಳಲ್ಲಿ ಇಲಿ ಕಡಿಯುತ್ತದೆ, ಅದೂ ಗೋಡೆಯ ಮೂಲೆಯಲ್ಲಿ ಕ್ರೇಟುಗಳ ಹಿಂದೆ. ಒಮ್ಮೆ ಅರ್ಧ ದಿನ ಹುಡುಕಿದ ಮೇಲೆ ಸಿಕ್ಕಿದ್ದು ಬೆರಳಗಲದ ಒಂದು ಗಾಯ: ನೀಲಿ ಸಿಪ್ಪೆ ಸುಲಿದು, ಒಳಗಿನ ಎಂಟು ಎಳೆಗಳಲ್ಲಿ ಕಿತ್ತಳೆಯದೊಂದು ಮಾತ್ರ ತುಂಡಾಗಿ, ಉಳಿದ ಏಳೂ ಹಾಗೆಯೇ ಇದ್ದವು. ಅಂಥ ಕೇಬಲಿಗೆ ಟೇಪು ಸುತ್ತಿ ಜೋಡಿಸಬೇಡಿ. ಒಳಗಿನ ಎಳೆಗಳು ಜೋಡಿಜೋಡಿಯಾಗಿ ಹೆಣೆದುಕೊಂಡಿರುವುದು ಹೊರಗಿನ ವಿದ್ಯುತ್ತಿನ ಅಡಚಣೆ ಒಳನುಗ್ಗದಿರಲಿ ಎಂದು. ಬಿಚ್ಚಿ ತಿರುಚಿದರೆ ಆ ಗುಣ ಹೋಗುತ್ತದೆ, ಇಂದು ನಡೆದು ನಾಳೆ ನಿಲ್ಲುತ್ತದೆ.

ಕೇಬಲಿನ ತುದಿಗೆ ಹೊಸ ಪ್ಲಗ್ ಒತ್ತಿ ಕೂರಿಸುವವರಿಗೆ, ಅಂದರೆ ಕ್ರಿಂಪ್ ಮಾಡುವವರಿಗೆ, ಎಳೆಗಳ ಕ್ರಮ ಇದು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ನಾಲಿಗೆ ಕೆಳಗಿರುವಂತೆ ಹಿಡಿದು ಎಡದಿಂದ ಎಣಿಸಬೇಕು. ಮೂರನೆಯದರ ಜೋಡಿ ನಾಲ್ಕನೆಯದಲ್ಲ, ಆರನೆಯದು ಎಂಬುದನ್ನು ಮರೆತವರೇ ಹೆಚ್ಚು. ಬಣ್ಣಬಣ್ಣದ ಜೋಡಿಗಳನ್ನು ಅಚ್ಚುಕಟ್ಟಾಗಿ ಸಾಲಾಗಿ ಇಟ್ಟುಬಿಟ್ಟರೆ ಟೆಸ್ಟರಿನಲ್ಲಿ ಎಂಟೂ ದೀಪ ಬರುತ್ತವೆ, ನೆಟ್‌ವರ್ಕ್ ಮಾತ್ರ ಸರಿಯಾಗಿ ನಡೆಯುವುದಿಲ್ಲ.

ದೀಪ ಉರಿಯುತ್ತಿದೆ, ಆದರೂ ಸಂಪರ್ಕವಿಲ್ಲ ಎಂದರೆ ವಿಳಾಸವನ್ನು, ಅಂದರೆ ಒಳಗಿನ ನೆಟ್‌ವರ್ಕಿನಲ್ಲಿ ಪ್ರತಿ ಯಂತ್ರವನ್ನು ಗುರುತಿಸುವ ಅಂಕಿಗಳನ್ನು, ನೋಡುವ ಸಮಯ. ವಿಂಡೋಸಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ‘ಐಪಿಕಾನ್ಫಿಗ್’ (ipconfig) ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಜಾಗ ಬಿಡದೆ ಟೈಪ್ ಮಾಡಿ ಎಂಟರ್ ಒತ್ತಿ. ಐಪಿವಿ4 ಎಂಬ ಸಾಲಿನಲ್ಲಿ 192.168 ಅಥವಾ 10 ಎಂದು ಆರಂಭವಾಗುವ ವಿಳಾಸವಿದ್ದರೆ ಹೆಚ್ಚಾಗಿ ರೂಟರೇ ಅದನ್ನು ಕೊಟ್ಟಿದೆ ಎಂದರ್ಥ. 169.254 ಎಂದು ಆರಂಭವಾಗಿದ್ದರೆ, ಕಂಪ್ಯೂಟರ್ ‘ನನಗೊಂದು ವಿಳಾಸ ಕೊಡಿ’ ಎಂದು ಕೂಗಿ, ಯಾರೂ ಓಗೊಡದಿದ್ದಾಗ ತಾನೇ ಒಂದನ್ನು ಇಟ್ಟುಕೊಂಡಿದೆ. ಅಂದರೆ ರೂಟರಿನವರೆಗೆ ಅದರ ಮಾತು ತಲುಪುತ್ತಿಲ್ಲ. ಉಳಿದ ಕಂಪ್ಯೂಟರುಗಳಿಗೆ ಸರಿಯಾದ ವಿಳಾಸ ಸಿಕ್ಕಿರುವಾಗ ಇದೊಂದಕ್ಕೆ ಮಾತ್ರ ಹೀಗಾಗಿದ್ದರೆ ಮತ್ತೆ ಕೇಬಲನ್ನೇ ಅನುಮಾನಿಸಿ. ದೀಪ ಉರಿಯುವಷ್ಟು ಜೀವವಿದ್ದು ಮಾತು ದಾಟಿಸಲಾಗದ ಕೇಬಲುಗಳಿವೆ.

ಅದೇ ಪಟ್ಟಿಯಲ್ಲಿ ‘ಡೀಫಾಲ್ಟ್ ಗೇಟ್‌ವೇ’ ಎಂದಿರುವುದು ರೂಟರಿನ ವಿಳಾಸ, ಬಹುತೇಕ 192.168.1.1 ಅಥವಾ 192.168.0.1. ಒಂದು ಯಂತ್ರ ಉತ್ತರಿಸುತ್ತದೆಯೇ ಎಂದು ಕೇಳಿ ನೋಡುವ ‘ಪಿಂಗ್’ (ping) ಪದವನ್ನು ಟೈಪ್ ಮಾಡಿ, ಜಾಗ ಬಿಟ್ಟು ಆ ವಿಳಾಸ ಬರೆದು ಎಂಟರ್ ಒತ್ತಿ. ನಾಲ್ಕು ಉತ್ತರಗಳು ಬಂದರೆ ಒಳಗಿನ ದಾರಿ ಚೆನ್ನಾಗಿದೆ. ನಾಲ್ಕರಲ್ಲಿ ಎರಡು ಮಾತ್ರ ಬಂದರೆ ಕೇಬಲ್, ಕ್ರಿಂಪ್ ಅಥವಾ ಪೋರ್ಟ್ ಸಡಿಲ.

‘ಪ್ರಿಂಟರ್ ಓಡುತ್ತಿದೆ, ಆದರೆ ಬ್ರೌಸರ್ ತೆರೆಯುತ್ತಿಲ್ಲ’

ನಿಮ್ಮ ಕೆರೆಯಲ್ಲಿ ನೀರಿದೆ, ಮೇಲಿನ ಕಾಲುವೆ ನಿಂತಿದೆ. ಒಎನ್‌ಟಿಯ ಮೇಲೆ ‘ಲಾಸ್’ (LOS) ಎಂದು ಬರೆದಿರುವ ದೀಪ ಕೆಂಪಗೆ ಉರಿಯುತ್ತಿದ್ದರೆ ಅಥವಾ ಮಿನುಗುತ್ತಿದ್ದರೆ ಹೊರಗಿನ ಬೆಳಕು ಪೆಟ್ಟಿಗೆಗೆ ತಲುಪುತ್ತಿಲ್ಲ. ರಸ್ತೆ ಅಗೆದಿರಬಹುದು, ಕಂಬದಿಂದ ಎಳೆ ಜಾರಿರಬಹುದು, ಅಥವಾ ನಿಮ್ಮದೇ ಗೋಡೆಯ ಮೂಲೆಯಲ್ಲಿ ಹಳದಿ ಎಳೆ ಚೂಪಾಗಿ ಮಡಚಿಕೊಂಡಿರಬಹುದು. ಮಡಚಿದ್ದು ಕಂಡರೆ ಮೆಲ್ಲಗೆ ಬಿಡಿಸಿ ದುಂಡಗೆ ಸುತ್ತಿಡಿ. ಅಷ್ಟಕ್ಕೇ ನಿಲ್ಲಿಸಿ. ಫೈಬರಿನ ತುದಿಯನ್ನು ಬಿಚ್ಚಿ ಕಣ್ಣಿನ ಹತ್ತಿರ ಹಿಡಿದು ನೋಡಬೇಡಿ. ಅದರೊಳಗಿನ ಬೆಳಕು ಕಣ್ಣಿಗೆ ಕಾಣುವಂಥದ್ದಲ್ಲ, ಆದರೆ ಕಣ್ಣಿಗೆ ಹಾನಿ ಮಾಡಬಲ್ಲದು. ತುಂಡಾದ ಗಾಜಿನ ಚೂರು ಚರ್ಮದೊಳಗೆ ಹೋದರೆ ತೆಗೆಯುವುದೂ ಕಷ್ಟ. ಇದು ಲೈನ್ ಕೊಟ್ಟವರ ಕೆಲಸ, ಅವರನ್ನೇ ಕರೆಯಿರಿ.

ಕೆಂಪು ದೀಪವಿಲ್ಲ, ಆದರೂ ಯಾವ ಪುಟವೂ ತೆರೆಯುತ್ತಿಲ್ಲ ಎಂದಾದರೆ ಗೂಗಲ್‌ನ 8.8.8.8 ಎಂಬ ವಿಳಾಸಕ್ಕೆ ಪಿಂಗ್ ಮಾಡಿ ನೋಡಿ. ಉತ್ತರ ಬಂದರೆ ಲೈನ್ ಇದೆ, ಹೆಸರನ್ನು ವಿಳಾಸವಾಗಿ ತಿರುಗಿಸಿ ಕೊಡುವ ಡಿಎನ್‌ಎಸ್ ಮಾತ್ರ ಕೆಟ್ಟಿದೆ. ಊರಿನ ರಸ್ತೆ ಸರಿಯಿದ್ದು, ಮನೆ ಎಲ್ಲಿದೆಯೆಂದು ಹೇಳುವವರು ಇಲ್ಲದಂತೆ. ರೂಟರನ್ನು ಒಮ್ಮೆ ಆರಿಸಿ ಹಾಕಿದರೆ ಬಹುತೇಕ ಸರಿಹೋಗುತ್ತದೆ. ಉತ್ತರವೇ ಬಾರದಿದ್ದರೆ ಬಾಕಿ ಹಣ ಕಟ್ಟಿದ್ದೀರಾ ಎಂದೊಮ್ಮೆ ನೋಡಿಕೊಳ್ಳಿ.

‘ಎಲ್ಲವೂ ಒಟ್ಟಿಗೆ ನಿಂತಿದೆ, ಸ್ವಿಚ್ಚಿನ ದೀಪಗಳೆಲ್ಲ ಒಂದೇ ಸಮನೆ ಮಿನುಗುತ್ತಿವೆ’

ಈ ಲಕ್ಷಣವನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಸಾಮಾನ್ಯ ದಿನದಲ್ಲಿ ಸ್ವಿಚ್ಚಿನ ದೀಪಗಳು ಒಂದೊಂದೂ ತನ್ನ ಪಾಡಿಗೆ, ಹೊಂದಿಕೆಯಿಲ್ಲದೆ ಮಿನುಗುತ್ತವೆ. ಒಂದು ದಿನ ನಾನು ಮಂಡಿಯೊಂದಕ್ಕೆ ಹೋದಾಗ ಎಂಟು ದೀಪಗಳೂ ಒಟ್ಟಾಗಿ, ಎಣಿಸಲಾಗದ ವೇಗದಲ್ಲಿ ಅದುರುತ್ತಿದ್ದವು. ಕಂಪ್ಯೂಟರ್ ಇಲ್ಲ, ಪ್ರಿಂಟರ್ ಇಲ್ಲ, ಕ್ಯಾಮೆರಾ ಪರದೆ ಕಪ್ಪು. ಆರಿಸಿ ಹಾಕಿದರೆ ಕ್ಷಣಹೊತ್ತು ಸರಿಯಾಗಿ ಮತ್ತೆ ಅದೇ ನಡುಕ.

ಕೆಲಸದ ಹುಡುಗನನ್ನು ಕೇಳಿದೆ, ‘ಬೆಳಗ್ಗೆ ಇಲ್ಲಿ ಏನಾದರೂ ಮಾಡಿದೆಯಾ ಮಗು?’ ಅವನು ಹೆದರಿಕೊಂಡೇ ಹೇಳಿದ: ‘ಗುಡಿಸುವಾಗ ಒಂದು ವೈರ್ ಕೆಳಗೆ ಬಿದ್ದಿತ್ತು ಸಾರ್, ಖಾಲಿ ಇದ್ದ ಕಡೆ ಹಾಕಿದೆ.’ ಅವನು ಹಾಕಿದ್ದ ಕೇಬಲನ್ನು ಬೆರಳಿನಿಂದ ಹಿಡಿದು ಹಿಂಬಾಲಿಸಿದೆ. ಮೇಜಿನ ಕೆಳಗೆ ಒಂದು ಸುತ್ತು ಹಾಕಿ ಅದು ಅದೇ ಸ್ವಿಚ್ಚಿನ ಮೂರನೆಯ ಪೋರ್ಟಿಗೆ ಬಂದು ಸೇರಿತ್ತು. ಎರಡೂ ತುದಿ ಒಂದೇ ಸ್ವಿಚ್ಚಿನಲ್ಲಿ. ಒಂದನ್ನು ಎಳೆದೆ, ಮೂರೇ ಸೆಕೆಂಡಿನಲ್ಲಿ ಎಲ್ಲ ಎದ್ದು ನಿಂತವು. ಹುಡುಗನದು ತಪ್ಪಲ್ಲ. ಬಳಸದ ಕೇಬಲನ್ನು ಒಂದು ತುದಿ ಸಿಕ್ಕಿಸಿಟ್ಟು ಇನ್ನೊಂದು ತುದಿಯನ್ನು ನೆಲಕ್ಕೆ ಬಿಟ್ಟವರು ಯಾರೋ, ಬಿದ್ದದ್ದನ್ನು ಎತ್ತಿಟ್ಟವನು ಅವನು.

ಇದಕ್ಕೆ ಲೂಪ್ ಎನ್ನುತ್ತಾರೆ. ನೆಟ್‌ವರ್ಕಿನ ಯಂತ್ರಗಳು ಆಗಾಗ ‘ಎಲ್ಲರೂ ಕೇಳಿ’ ಎಂದು ಒಂದು ಸಂದೇಶ ಸಾರುತ್ತವೆ. ಸ್ವಿಚ್ ಅದನ್ನು ಎಲ್ಲ ಪೋರ್ಟುಗಳಿಗೂ ಕಳುಹಿಸುತ್ತದೆ. ಸುತ್ತಿ ಬರುವ ದಾರಿಯಿದ್ದರೆ ಆ ಸಂದೇಶ ಮರಳಿ ತನಗೇ ಬಂದು, ಸ್ವಿಚ್ ಅದನ್ನು ಮತ್ತೆ ಎಲ್ಲರಿಗೂ ಕಳುಹಿಸುತ್ತದೆ. ಈಥರ್ನೆಟ್ ಎಂಬ ಈ ಕೇಬಲ್ ಪದ್ಧತಿಯ ಸಂದೇಶಕ್ಕೆ ‘ಇಷ್ಟು ಸುತ್ತಾದ ಮೇಲೆ ಸಾಯಬೇಕು’ ಎಂಬ ಲೆಕ್ಕವಿಲ್ಲ, ಹಾಗಾಗಿ ಅದು ನಿಲ್ಲದೆ ಬೆಳೆಯುತ್ತ ಹೋಗಿ ಎಲ್ಲ ದಾರಿಯನ್ನೂ ಮುಚ್ಚುತ್ತದೆ. ಇದನ್ನು ತಾನಾಗಿ ಪತ್ತೆ ಹಚ್ಚಿ ಒಂದು ದಾರಿಯನ್ನು ಮುಚ್ಚುವ ಸ್ಪ್ಯಾನಿಂಗ್ ಟ್ರೀ ಎಂಬ ವಿಧಾನವನ್ನು ಅಮೆರಿಕದ ಎಂಜಿನಿಯರ್ ರಾಡಿಯಾ ಪರ್ಲ್‌ಮನ್ 1985ರಲ್ಲೇ ರೂಪಿಸಿದರು. ಆದರೆ ನಾವು ಅಂಗಡಿಗಳಿಗೆ ಹಾಕಿಸುವ ಅಗ್ಗದ ಸ್ವಿಚ್ಚುಗಳಲ್ಲಿ ಸಾಮಾನ್ಯವಾಗಿ ಆ ವ್ಯವಸ್ಥೆ ಇರುವುದಿಲ್ಲ.

ಪತ್ತೆ ಮಾಡುವ ಬಗೆ ಸರಳ. ಫೋಟೊ ತೆಗೆದು, ಸ್ವಿಚ್ಚಿನಿಂದ ಒಂದೊಂದೇ ಕೇಬಲ್ ಕೀಳುತ್ತ ಹೋಗಿ. ಯಾವುದನ್ನು ಕಿತ್ತಾಗ ನಡುಕ ನಿಲ್ಲುತ್ತದೋ ಅದೇ. ಎರಡು ಸ್ವಿಚ್ಚುಗಳ ನಡುವೆ ಎರಡು ಕೇಬಲ್ ಎಳೆದಿದ್ದರೂ ಇದೇ ಆಗುತ್ತದೆ, ಆದ್ದರಿಂದ ಮಹಡಿಯ ಮೇಲಿನ ಸ್ವಿಚ್ಚನ್ನೂ ನೋಡಿ. ಬಳಸದ ಕೇಬಲಿನ ಎರಡೂ ತುದಿಗಳನ್ನು ಕಿತ್ತು ಸುತ್ತಿ ಒಳಗಿಡಿ.

ದೀಪಗಳು ಒಂದೂ ಇಲ್ಲದಿದ್ದರೆ ಕಥೆ ಬೇರೆ: ಸ್ವಿಚ್ಚಿಗೆ ಕರೆಂಟು ಬರುತ್ತಿಲ್ಲ. ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ಮೊಬೈಲ್ ಚಾರ್ಜರ್ ಹಾಕಿ ನೋಡಿ. ಬೋರ್ಡು ಸರಿಯಿದ್ದರೆ ಹೆಚ್ಚಾಗಿ ಅಡಾಪ್ಟರ್ ಸತ್ತಿರುತ್ತದೆ. ಹೊಸದು ತರುವಾಗ ಹಳೆಯದರ ಮೇಲೆ ಬರೆದ ವೋಲ್ಟ್ ಅಷ್ಟೇ ಇರಲಿ, ಆಂಪಿಯರ್ ಅಷ್ಟು ಅಥವಾ ಹೆಚ್ಚಿರಲಿ, ಪಿನ್ನಿನ ಪ್ಲಸ್ ಮೈನಸ್ ಗುರುತು ಒಂದೇ ಇರಲಿ. 5 ವೋಲ್ಟಿನ ಸ್ವಿಚ್ಚಿಗೆ 12 ವೋಲ್ಟಿನ ಅಡಾಪ್ಟರ್ ಪಿನ್ ಸರಿಹೊಂದುತ್ತದೆ ಎಂದು ಹಾಕಿದರೆ ಸ್ವಿಚ್ ಸುಟ್ಟುಹೋಗುತ್ತದೆ.

‘ನಿನ್ನೆ ಇದ್ದ ಪ್ರಿಂಟರ್ ಇಂದು ಕಾಣುತ್ತಿಲ್ಲ’

ಪ್ರಿಂಟರಿಗೂ ಒಂದು ವಿಳಾಸವಿದೆ, ಅದನ್ನೂ ರೂಟರೇ ಕೊಡುತ್ತದೆ. ರಾತ್ರಿ ಕರೆಂಟು ಹೋಗಿ ಬಂದ ಮೇಲೆ ಬೇರೆ ವಿಳಾಸ ಸಿಕ್ಕಿದ್ದರೆ ಕಂಪ್ಯೂಟರ್ ಇನ್ನೂ ಹಳೆಯ ಮನೆಯ ಬಾಗಿಲು ತಟ್ಟುತ್ತಿರುತ್ತದೆ. ಪ್ರಿಂಟರಿನ ಮೆನುವಿನಿಂದ ನೆಟ್‌ವರ್ಕ್ ವಿವರದ ಪುಟವನ್ನು ಮುದ್ರಿಸಿ, ಕಂಪ್ಯೂಟರಿನಲ್ಲಿರುವ ವಿಳಾಸದ ಜೊತೆ ಹೋಲಿಸಿ. ರೂಟರಿನಲ್ಲಿ ಆ ಪ್ರಿಂಟರಿಗೆ ಒಂದು ವಿಳಾಸವನ್ನು ಖಾಯಂ ಮಾಡಿಸಿಬಿಟ್ಟರೆ ಈ ತೊಂದರೆ ಮತ್ತೆ ಬರುವುದಿಲ್ಲ.

ಇನ್ನೊಂದು ಕಾರಣ ಹೆಚ್ಚು ಕಾಡುವಂಥದ್ದು. ವೈಫೈ ದೂರಕ್ಕೆ ಸಿಗಲೆಂದು ಯಾರೋ ಮನೆಯಿಂದ ಹಳೆಯ ರೂಟರ್ ತಂದು ಸ್ವಿಚ್ಚಿಗೆ ಸೇರಿಸಿರುತ್ತಾರೆ. ಈಗ ವಿಳಾಸ ಹಂಚುವವರು ಇಬ್ಬರು. ಕೆಲವರಿಗೆ 192.168.1ರಿಂದ, ಕೆಲವರಿಗೆ 192.168.0ರಿಂದ ಆರಂಭವಾಗುವ ವಿಳಾಸ ಸಿಗುತ್ತದೆ. ಒಂದು ಗುಂಪಿನವರಿಗೆ ಇನ್ನೊಂದು ಗುಂಪು ಕಾಣುವುದಿಲ್ಲ. ‘ಬೆಳಗ್ಗೆ ಇತ್ತು, ಮಧ್ಯಾಹ್ನ ಇಲ್ಲ, ನನಗಿದೆ, ಅವನಿಗಿಲ್ಲ’ ಎಂಬ ಗೊಂದಲದ ದೂರು ಬಂದಾಗ ನಾನು ಮೊದಲು ಹುಡುಕುವುದು ಈ ಎರಡನೆಯ ರೂಟರನ್ನೇ. ಅದನ್ನು ಕಿತ್ತಿಡಿ, ಎಲ್ಲ ಕಂಪ್ಯೂಟರುಗಳನ್ನು ಒಮ್ಮೆ ರೀಸ್ಟಾರ್ಟ್ ಮಾಡಿ. ಅದು ಬೇಕೇ ಬೇಕು ಎಂದಾದರೆ, ವಿಳಾಸ ಹಂಚದೆ ವೈಫೈ ಮಾತ್ರ ಕೊಡುವ ಆಕ್ಸೆಸ್ ಪಾಯಿಂಟ್ ಆಗಿ ಬದಲಾಯಿಸಲು ತಿಳಿದವರಿಂದ ಮಾಡಿಸಿ.

‘ಸಂಪರ್ಕವಿದೆ, ಆದರೆ ತೆವಳುತ್ತಿದೆ’

ಎಲ್ಲರಿಗೂ ನಿಧಾನವಾದರೆ ಮೊದಲು ಯಾರಾದರೂ ದೊಡ್ಡ ವಿಡಿಯೊ ಕಳುಹಿಸುತ್ತಿದ್ದಾರೆಯೇ, ಕ್ಯಾಮೆರಾ ದೃಶ್ಯಗಳು ಹೊರಗೆ ಹೋಗುತ್ತಿವೆಯೇ ಕೇಳಿ. ಒಬ್ಬರಿಗೇ ನಿಧಾನವಾದರೆ ವಿಂಡೋಸಿನ ಈಥರ್ನೆಟ್ ಸೆಟ್ಟಿಂಗಿನಲ್ಲಿ ಲಿಂಕ್ ಸ್ಪೀಡ್ ನೋಡಿ. ಸ್ವಿಚ್ಚೂ ಕಂಪ್ಯೂಟರೂ 1000 ಎಂಬಿಪಿಎಸ್‌ನವಾಗಿದ್ದು ಅಲ್ಲಿ 100 ಎಂದು ತೋರಿಸಿದರೆ ಕೇಬಲಿನಲ್ಲೇ ಕೊರತೆ. 1000ಕ್ಕೆ ಎಂಟೂ ಎಳೆಗಳು ಬೇಕು, 100ಕ್ಕೆ ಕಿತ್ತಳೆ ಮತ್ತು ಹಸಿರು ಜೋಡಿಯ ನಾಲ್ಕೇ ಸಾಕು. ನೀಲಿಯದೋ ಕಂದಿನದೋ ಒಂದು ಎಳೆ ಕಡಿದರೆ ನೆಟ್‌ವರ್ಕ್ ನಿಲ್ಲುವುದಿಲ್ಲ, ಸದ್ದಿಲ್ಲದೆ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ.

ಉದ್ದವನ್ನೂ ನೋಡಿ. ತಾಮ್ರದ ಕೇಬಲಿಗೆ ಮಿತಿ 100 ಮೀಟರ್. ಪೆಟ್ಟಿಗೆಯಲ್ಲಿ 305 ಮೀಟರ್ ಇರುತ್ತದೆಂದು ಮಂಡಿಯಿಂದ ವೇಬ್ರಿಡ್ಜಿನವರೆಗೆ ಒಂದೇ ಎಳೆತ ಎಳೆದವರಿದ್ದಾರೆ. ಕೇಬಲಿನ ಸಿಪ್ಪೆಯ ಮೇಲೆ ಸಾಮಾನ್ಯವಾಗಿ ಮೀಟರ್ ಅಥವಾ ಅಡಿ ಅಂಕಿಗಳನ್ನು ಮುದ್ರಿಸಿರುತ್ತಾರೆ. ಎರಡೂ ತುದಿಯ ಅಂಕಿ ಓದಿ ಕಳೆದರೆ ಉದ್ದ ತಿಳಿಯುತ್ತದೆ, ಟೇಪು ಹಿಡಿದು ಅಳೆಯಬೇಕಾಗಿಲ್ಲ. ತುಂಡು ಕೇಬಲ್ ಸಿಕ್ಕರೆ ಒಳಗಿನ ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೂ ಕೆಂಪಗಿದ್ದರೆ ತಾಮ್ರ. ಕೆರೆದಲ್ಲಿ ಬೆಳ್ಳಗೆ ಹೊಳೆದರೆ ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಅದು ಬಾಗಿಸಿದ ಕಡೆ ಬೇಗ ಮುರಿಯುತ್ತದೆ. ಕೇಬಲಿನಲ್ಲೇ ಕರೆಂಟು ಪಡೆಯುವ ಕ್ಯಾಮೆರಾಗಳಿಗೆ ಅದನ್ನು ಎಂದೂ ಹಾಕಿಸಬೇಡಿ, ಬಿಸಿಯಾಗುತ್ತದೆ.

‘ವೈಫೈ ನಿನ್ನೆ ಸಿಗುತ್ತಿತ್ತು, ಇಂದು ಅದೇ ಜಾಗದಲ್ಲಿ ಸಿಗುತ್ತಿಲ್ಲ’

ನಿನ್ನೆಗೂ ಇಂದಿಗೂ ನಡುವೆ ಏನು ಬಂತು ಎಂದು ಸುತ್ತ ನೋಡಿ. ಟೊಮೆಟೊ ಹಣ್ಣಿನಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ನೀರೇ, ನೀರು ವೈಫೈ ಅಲೆಗಳನ್ನು ಹೀರುತ್ತದೆ. ಮಾಲು ಬಂದ ದಿನ ರೂಟರಿಗೂ ಮೇಜಿಗೂ ನಡುವೆ ಎದೆಮಟ್ಟಕ್ಕೆ ಕ್ರೇಟು ಪೇರಿಸಿದರೆ ಅದು ವೈಫೈ ಪಾಲಿಗೆ ನೀರಿನ ಗೋಡೆ. ಕ್ರೇಟು ಖಾಲಿಯಾದ ಸಂಜೆ ಮತ್ತೆ ಸರಿಹೋಗುತ್ತದೆ. ರೂಟರನ್ನು ತಲೆಗಿಂತ ಎತ್ತರದಲ್ಲಿ ಮೊಳೆ ಹೊಡೆದು ನಿಲ್ಲಿಸಿ, ಇದಕ್ಕೆ ಒಂದು ರೂಪಾಯಿಯೂ ಬೇಡ.

ನಮ್ಮ ಕಡೆಯ ಹಳೆಯ ಕಲ್ಲು ಚಪ್ಪಡಿ ಗೋಡೆ, ಕಬ್ಬಿಣದ ಶಟರು, ತಗಡಿನ ಸೂರು ಇವೂ ಅಲೆಗಳನ್ನು ತಡೆಯುತ್ತವೆ. ಅಂಥ ಕಟ್ಟಡದಲ್ಲಿ ಹೆಚ್ಚು ಆಂಟೆನಾದ ರೂಟರ್ ಕೊಳ್ಳುವ ಬದಲು ಆಚೆ ಕೋಣೆಗೆ ಒಂದು ಕೇಬಲ್ ಎಳೆಯಿರಿ ಎಂದೇ ನಾನು ಹೇಳುವುದು. ಸಾಲು ಅಂಗಡಿಗಳಲ್ಲಿ ಎಲ್ಲರ ರೂಟರೂ ಒಂದೇ ಚಾನೆಲಿನಲ್ಲಿದ್ದರೆ ಒಬ್ಬರ ಮಾತು ಇನ್ನೊಬ್ಬರಿಗೆ ಅಡ್ಡ ಬರುತ್ತದೆ. 2.4 ಗಿಗಾಹರ್ಟ್ಸ್‌ನಲ್ಲಿ 1, 6, 11 ಇವು ಒಂದಕ್ಕೊಂದು ತಾಗದ ಚಾನೆಲುಗಳು, ಅಕ್ಕಪಕ್ಕದವರ ಜೊತೆ ಮಾತಾಡಿ ಹಂಚಿಕೊಳ್ಳಿ. ಹತ್ತಿರದಲ್ಲೇ ಕೂತು ಬಳಸುವವರಿಗೆ 5 ಗಿಗಾಹರ್ಟ್ಸ್ ಉತ್ತಮ.

‘ದಿನವೂ ಅದೇ ಹೊತ್ತಿಗೆ ಕಡಿಯುತ್ತದೆ’

ಒಂದು ಚೀಟಿಯಲ್ಲಿ ಮೂರು ದಿನ ಹೊತ್ತು ಬರೆದಿಡಿ. ಮೋಟಾರು ಹಾಕುವ, ವೆಲ್ಡಿಂಗ್ ನಡೆಯುವ, ಫ್ರೀಜರ್ ಓಡುವ ಹೊತ್ತಿಗೆ ಅದು ಹೊಂದುತ್ತದೆಯೇ ನೋಡಿ. ವೋಲ್ಟೇಜ್ ಇಳಿದಾಗ ರೂಟರ್ ತಾನಾಗಿ ರೀಸ್ಟಾರ್ಟ್ ಆಗುತ್ತಿದ್ದರೆ ರೂಟರಿಗೆಂದೇ ಸಿಗುವ ಸಣ್ಣ ಯುಪಿಎಸ್ ಹಾಕಿದರೆ ಸಾಕು. ರೂಟರ್ ನಿಲ್ಲದೆ ಸಂಪರ್ಕ ಮಾತ್ರ ಹೋಗುತ್ತಿದ್ದರೆ ನೆಟ್‌ವರ್ಕ್ ಕೇಬಲ್ ಕರೆಂಟಿನ ವೈರಿನ ಜೊತೆ ಒಂದೇ ಪೈಪಿನಲ್ಲಿ ಹೋಗಿದೆಯೇ ನೋಡಿ. ಹಾಗಿದ್ದರೆ ಬೇರ್ಪಡಿಸಲೇಬೇಕು. ಸಂಪರ್ಕ ಕಡಿಯುವುದಷ್ಟೇ ಅಲ್ಲ, ಕರೆಂಟಿನ ವೈರಿನ ಸಿಪ್ಪೆ ಸುಲಿದರೆ ನೆಟ್‌ವರ್ಕ್ ಕೇಬಲಿಗೆ 230 ವೋಲ್ಟ್ ಬರುತ್ತದೆ. ಆ ಪೈಪಿಗೆ ನೀವು ಕೈ ಹಾಕಬೇಡಿ, ಮೇನ್ ಆರಿಸಿ ಎಲೆಕ್ಟ್ರಿಷಿಯನ್ ಮಾಡಲಿ.

‘ಪೆಟ್ಟಿಗೆ ಮುಟ್ಟಿದರೆ ಜುಮ್ ಎನ್ನುತ್ತದೆ’

ಇಲ್ಲಿ ಪರೀಕ್ಷೆ ಮುಗಿಯಿತು. ಇನ್ನೊಮ್ಮೆ ಮುಟ್ಟಿ ಖಚಿತ ಮಾಡಿಕೊಳ್ಳಲು ಹೋಗಬೇಡಿ. ಮೇನ್ ಆರಿಸಿ ಎಲೆಕ್ಟ್ರಿಷಿಯನ್ನನ್ನು ಕರೆಯಿರಿ. ನಮ್ಮ ಸೀಮೆಯ ಒಣ ಕೆಂಪು ಮಣ್ಣಿನಲ್ಲಿ ಬೇಸಿಗೆಗೆ ಅರ್ತಿಂಗ್ ಗುಂಡಿ ಒಣಗುತ್ತದೆ, ಒಣ ಮಣ್ಣು ಕರೆಂಟನ್ನು ನೆಲಕ್ಕೆ ಸರಿಯಾಗಿ ಇಳಿಸುವುದಿಲ್ಲ. ಗುಂಡಿಗೆ ಬೇಸಿಗೆಯುದ್ದಕ್ಕೂ ನೀರು ಹಾಕುತ್ತಿರಿ, ವರ್ಷಕ್ಕೊಮ್ಮೆ ಅಳೆಸಿ.

ಯುಗಾದಿ ಕಳೆದ ಮೇಲೆ ಬರುವ ಗುಡುಗು ಮಳೆಗಳಲ್ಲಿ ಕೇಬಲ್ ಮುಟ್ಟಬೇಡಿ, ಮಹಡಿ ಹತ್ತಬೇಡಿ. ಮೋಡ ಕವಿಯುತ್ತಿದ್ದಂತೆಯೇ ಕರೆಂಟಿನ ಪ್ಲಗ್ಗನ್ನೂ ಹೊರಗಿನಿಂದ ಬರುವ ತಾಮ್ರದ ಕೇಬಲನ್ನೂ ಕಿತ್ತಿಡಿ, ಗುಡುಗು ಶುರುವಾದ ಮೇಲೆ ಅಲ್ಲ. ಎರಡು ಕಟ್ಟಡಗಳ ನಡುವೆ ತಾಮ್ರದ ಕೇಬಲ್ ತೂಗಾಡುತ್ತಿದ್ದರೆ ಅದನ್ನು ಫೈಬರಿಗೆ ಬದಲಾಯಿಸಿ. ಸಿಡಿಲು ದೂರದಲ್ಲಿ ಬಿದ್ದರೂ ಆ ತಾಮ್ರದ ಮೂಲಕ ಎರಡೂ ಕಡೆಯ ಸ್ವಿಚ್ಚುಗಳು ಸುಡಬಹುದು. ಮಳೆಯ ಮರುದಿನ ಕೆಲವು ಪೋರ್ಟುಗಳು ಮಾತ್ರ ಸತ್ತಿದ್ದರೆ ಅದರ ಗುರುತು ಇದೇ. ಅಂಥ ಸ್ವಿಚ್ಚಿನ ಉಳಿದ ಪೋರ್ಟುಗಳನ್ನು ನಂಬಬೇಡಿ. ಸುಟ್ಟ ವಾಸನೆ, ಉಬ್ಬಿದ ಯುಪಿಎಸ್ ಬ್ಯಾಟರಿ, ಕರಗಿದ ಪ್ಲಗ್, ಕಂಬದ ಮೇಲಿನ ಕೆಲಸ, ಇವು ಯಾವುವೂ ನಿಮ್ಮ ಕೆಲಸವಲ್ಲ.

ಕರೆ ಮಾಡುವಾಗ

ತಂತ್ರಜ್ಞರಿಗೆ ‘ನೆಟ್ ಇಲ್ಲ’ ಎನ್ನುವ ಬದಲು ಹೀಗೆ ಹೇಳಿ: ಎಷ್ಟು ಯಂತ್ರಗಳಿಗೆ ಇಲ್ಲ, ಪ್ರಿಂಟರ್ ಓಡುತ್ತಿದೆಯೇ, ಯಾವ ದೀಪ ಕೆಂಪಾಗಿದೆ, ವಿಳಾಸ ಎಷ್ಟರಿಂದ ಆರಂಭವಾಗಿದೆ, ರೂಟರಿಗೆ ಪಿಂಗ್ ಉತ್ತರ ಬಂತೇ, ನಿನ್ನೆಯಿಂದ ಅಲ್ಲಿ ಏನು ಬದಲಾಯಿತು. ಎರಡು ಫೋಟೊಗಳನ್ನೂ ಕಳುಹಿಸಿ. ಅಷ್ಟು ತಿಳಿದರೆ ಬರುವವರು ಸರಿಯಾದ ಅಡಾಪ್ಟರನ್ನೋ ಕೇಬಲನ್ನೋ ಚೀಲಕ್ಕೆ ಹಾಕಿಕೊಂಡೇ ಹೊರಡುತ್ತಾರೆ, ಮತ್ತೆ ಪೇಟೆಗೆ ಹೋಗಿ ಬರುವ ಒಂದು ಗಂಟೆ ನಿಮಗೂ ರೈತರಿಗೂ ಉಳಿಯುತ್ತದೆ.